ಹುಣಸೆ ಬೀಜದ ಬಣ್ಣದ ಫ್ರೇಮು

ತೋವಿನಕೆರೆಯ ಓಬಳಮ್ಮನ ಹೊಲಿಗೆ ಅಂಗಡಿಯ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಎರಡು ಸಾಲು ಬರೆದಿದೆ: ‘ಅಳತೆ ಬ್ಲೌಸು ಕಳಿಸಬೇಡಿ. ನೀವೇ ಬನ್ನಿ.’ ಬರೆಸಿ ಇಪ್ಪತ್ತು ವರ್ಷ ದಾಟಿತು. ಸುಣ್ಣ ಬಳಿದಾಗಲೆಲ್ಲ ಅದೇ ಜಾಗದಲ್ಲಿ ಮತ್ತೆ ಅದನ್ನೇ ಬರೆಸುತ್ತಾಳೆ.

ಅಂಗಡಿ ಎಂದರೆ ಇನ್ನೇನಲ್ಲ, ಮನೆಯ ಮುಂದಿನ ಕೋಣೆ. ಕಾಲಲ್ಲಿ ತುಳಿಯುವ ಮಿಷನ್ನು, ಕತ್ತರಿಸಲು ಒಂದು ಟೇಬಲ್ಲು, ಮೂಲೆಯಲ್ಲಿ ತೊಟ್ಟು ನೋಡಲು ಒಂದು ಪರದೆ. ಬೇರೆ ಕಡೆ ಹೆಂಗಸರು ಹಳೆಯ ಬ್ಲೌಸೊಂದನ್ನು ಹೊಸ ಬಟ್ಟೆಯೊಳಗೆ ಸುತ್ತಿ ಯಾರ ಕೈಯಲ್ಲೋ ಕಳಿಸಿ ಸುಮ್ಮನಾಗುತ್ತಾರೆ, ಟೈಲರು ಅದನ್ನೇ ಅಳತೆಗಿಟ್ಟುಕೊಂಡು ಹೊಲಿಯುತ್ತಾನೆ. ಓಬಳಮ್ಮನ ಹತ್ತಿರ ಆ ಆಟ ನಡೆಯುವುದಿಲ್ಲ. “ಹಳೇ ಬ್ಲೌಸ್ನಾಗೆ ಹಳೇ ತಪ್ಪೆಲ್ಲ ಇರ್ತವೆ ಕಣಮ್ಮ. ಅದುನ್ನೇ ನೋಡ್ಕಂಡು ಹೊಲುದ್ರೆ ಹೊಸಾದ್ರಾಗೂ ಅವೇ ತಪ್ಪು. ಹೋಗು, ಅವಳ್ನೇ ಕರ್ಕಂಬಾ” ಎಂದು ಬಂದವರನ್ನು ಬಂದ ದಾರಿಯಲ್ಲೇ ಅಟ್ಟುತ್ತಾಳೆ.

ಇಂಥ ಓಬಳಮ್ಮನ ಬಾಗಿಲಿಗೆ ಒಂದು ಸೋಮವಾರ ಸಂಜೆ ತೇಜಸ್ವಿನಿ ಟೀಚರ್ ಬಂದಳು, ಕೈಯಲ್ಲಿ ಹೊಸ ಬ್ಲೌಸು. ಅಂಗಡಿಯಲ್ಲಿ ಮೂವರು ಹೆಂಗಸರು ಕೂತಿದ್ದರು. ಟೀಚರ್ ಸುತ್ತುಬಳಸು ಮಾತಾಡುವವಳಲ್ಲ. “ಅಮ್ಮಾ, ಎಡಗಡೆ ತೋಳು ನೋಡಿ. ಕೈ ಎತ್ತಿದ್ರೆ ಇಡೀ ಬ್ಲೌಸೇ ಎದ್ದು ಬರುತ್ತೆ. ಕತ್ತಿನ ಅಂಚಿನ ಪೈಪಿಂಗಂತೂ ಹಾವು ಹರಿದ ಹಾಗೆ ಹೋಗಿದೆ. ನಿಮ್ಮ ಕೈಯಲ್ಲಿ ಹೀಗಾಯ್ತಲ್ಲ!”

ಕೂತಿದ್ದ ಹೆಂಗಸರು ಮುಖ ಮುಖ ನೋಡಿಕೊಂಡರು. ಓಬಳಮ್ಮ ಬ್ಲೌಸನ್ನು ಈಸಿಕೊಂಡು ಒಳಮಗ್ಗುಲು ತಿರುವಿ ನೋಡಿದಳು. ಹೌದು, ತೋಳು ಅರ್ಧ ಇಂಚು ಹಿಂದೆ ಕೂತಿತ್ತು. ಹೊಲಿಗೆ ಕಲಿಯಲು ಬಂದ ಮೊದಲ ವಾರದ ಹುಡುಗಿಯೂ ಹಾಗೆ ಕೂರಿಸುವುದಿಲ್ಲ. ಮೊದಲ ಮೂವತ್ತು ವರ್ಷ ಒಂದೇ ಒಂದು ಬ್ಲೌಸು ಹಿಂದಕ್ಕೆ ಬಂದಿರಲಿಲ್ಲ. ಈ ಎಂಟು ತಿಂಗಳಲ್ಲಿ ಇದು ನಾಲ್ಕನೆಯದು. ಹಿಂದಿನ ಮೂರನ್ನು ಅವಳು ಯಾರಿಗೂ ಹೇಳದೆ ಬಿಚ್ಚಿ ಹೊಲಿದುಕೊಟ್ಟಿದ್ದಳು. ಕಣ್ಣು ಹೋಗುತ್ತಿದೆ ಎಂಬ ಹೆದರಿಕೆ ಅವಳಿಗೆ ಆಗಲೇ ಹತ್ತಿತ್ತು.

ಸುದ್ದಿ ಮಗನಿಗೆ ಮುಟ್ಟಲು ಎಷ್ಟು ಹೊತ್ತು? ಪ್ರಸನ್ನ ಕುಮಾರ ಕೊರಟಗೆರೆಯ ಕಾಲೇಜೊಂದರಲ್ಲಿ ಗುಮಾಸ್ತ. ಕೆಲಸ ಮುಗಿಸಿ ಬಂದವನು ಬ್ಯಾಗು ಕೂಡ ಇಳಿಸಲಿಲ್ಲ.

“ಸಾಕು ಬುಡವ್ವಾ ಇನ್ನ. ಐವತ್ತೆಂಟಾಯ್ತು. ಊರೋರೆಲ್ಲ ಆಡ್ಕೊಳೋ ಹಂಗಾಯ್ತು. ಮಧುಶ್ರೀ ತಂಗಿ ಲೋಹಿತಾ ಹೊಲ್ಗೆ ಕಲೀಬೇಕು ಅಂತ ಕುಂತವಳೆ. ಭಾನುವಾರ ನವೀನ ಪಾವಗಡದಿಂದ ಟೆಂಪೋ ತತ್ತಾನೆ, ಮಿಷನ್ ಕಳ್ಸಿಬುಡಾನ.”

ಮಧುಶ್ರೀ ಇವನ ಹೆಂಡತಿ, ನವೀನ ಕುಮಾರ ಅವಳ ಅಣ್ಣ. ಅಂದರೆ ಗಂಡ ಹೆಂಡತಿ ಎಲ್ಲ ಮೊದಲೇ ಮಾತಾಡಿ ಮುಗಿಸಿದ್ದರು. ಓಬಳಮ್ಮ ಗಂಡನ ಕಡೆ ನೋಡಿದಳು. ಚಿಕ್ಕರಂಗಯ್ಯ ಬಾಯ್ತುಂಬ ಎಲೆಅಡಿಕೆ ಇಟ್ಟುಕೊಂಡು ಮಗನ ಮಾತಿಗೂ ತಲೆಯಾಡಿಸಿದ, ಹೆಂಡತಿಯ ನೋಟಕ್ಕೂ ತಲೆಯಾಡಿಸಿದ. ಆ ಮನುಷ್ಯನಿಂದ ಮದುವೆಯಾದ ದಿನದಿಂದ ಇಷ್ಟೇ ಸಹಾಯ.

“ಕಣ್ಣು ಹೋಗೈತೆ ಅಂತ ನಿಂಗ್ಯಾರ್ಲಾ ಹೇಳಿದ್ದು?”

“ಕನ್ನಡಕ ಮಾಡ್ಸಿ ಎಂಟು ತಿಂಗ್ಳಾಗೈತೆ. ಹೊಸಾ ಕನ್ನಡಕದಾಗೂ ಕಾಣ್ದಿದ್ರೆ ಕಣ್ಣೇ ಹೋಗೈತೆ ಅಂತಲೇ ತಾನೆ?”

ಆ ಕನ್ನಡಕವನ್ನು ನೋಡಬೇಕಿತ್ತು ನೀವು. ಕಪ್ಪಗೆ, ದಪ್ಪಗೆ, ಓಬಳಮ್ಮನ ಸಣ್ಣ ಮುಖಕ್ಕೆ ಎರಡು ಕಿಟಕಿ ಕೂರಿಸಿದಂತಿತ್ತು. ಮಿಷನ್ನಿನ ಮೇಲೆ ಬಗ್ಗಿದರೆ ಸಾಕು, ಮೂಗಿನ ತುದಿಗೆ ಇಳಿಯುತ್ತಿತ್ತು. ಅದಕ್ಕೆ ಲಂಗಕ್ಕೆ ಹಾಕುವ ಎಲಾಸ್ಟಿಕ್ಕಿನ ತುಂಡೊಂದನ್ನು ಎರಡು ಕಡ್ಡಿಗೂ ಹೊಲಿದು ತಲೆಯ ಹಿಂದೆ ಸಿಕ್ಕಿಸಿಕೊಂಡಿದ್ದಳು. ಆದರೂ ಇಳಿಯುತ್ತಿತ್ತು. ಅಕ್ಷರ ಕಾಣಬೇಕಾದರೆ ಗಲ್ಲ ಮೇಲೆತ್ತಿ ಕೋಳಿ ನೀರು ಕುಡಿದಂತೆ ಕೂರಬೇಕು.

“ಬ್ಯಾಸ್ತವಾರ ಸಿರಾಕ್ಕೆ ಹೋಯ್ತೀನಿ. ಕಣ್ಣು ಹೋಗಿದ್ರೆ ನಾನೇ ಮಿಷನ್ನು ಎತ್ತಿ ಕೊಡ್ತೀನಿ. ಅಲ್ಲಿಗಂಟ ಅದುನ್ನ ಯಾರಾದ್ರೂ ಮುಟ್ಟುದ್ರೆ ನೋಡು ಆಮೇಲೆ” ಎಂದಳು ಓಬಳಮ್ಮ.

ಶಿರಾಕ್ಕೆ ಲೈನಿಂಗ್ ಬಟ್ಟೆ ತರಲು ಹೋದಾಗಲೆಲ್ಲ ಬಾಷಾ ಸಾಬರ ಕನ್ನಡಕದಂಗಡಿಯ ಗಾಜಿನ ಬೀರು ಅವಳ ಕಣ್ಣಿಗೆ ಬಿದ್ದಿತ್ತು. ಒಳಗೆ ಕಾಲಿಟ್ಟಿದ್ದು ಮಾತ್ರ ಆ ಗುರುವಾರವೇ ಮೊದಲು. ಕಣ್ಣು ನೋಡುವವಳು ಸಾಬರ ಮಗಳು ಸಾದಿಯಾ, ಅದನ್ನೇ ಓದಿ ಬಂದವಳು. ಓಬಳಮ್ಮ ಕತ್ತಲೆ ಕೋಣೆಯಲ್ಲಿ ಕಣ್ಣು ನೋಡುವ ಯಂತ್ರಕ್ಕೆ ಗಲ್ಲ ಆನಿಸಿ ಕೂತಳು. ಮೂವತ್ತೊಂದು ವರ್ಷ ತುಳಿದ ಮಿಷನ್ನು ಈ ಹುಡುಗಿಯ ಒಂದು ಮಾತಿನ ಮೇಲೆ ನಿಂತಿತ್ತು. ದೇವರೇ, ಇನ್ನೊಂದು ಹತ್ತು ವರ್ಷ ಕೊಡಪ್ಪ, ಆಮೇಲೆ ನಿನ್ನಿಷ್ಟ ಎಂದುಕೊಂಡಳು.

ಸಾದಿಯಾ ದೀಪ ಹಾಕಿದಳು. “ಕಣ್ಣು ಚೆನ್ನಾಗಿದೆ ಅಮ್ಮಾ. ಪೊರೆ ಇಲ್ಲ, ಏನಿಲ್ಲ. ನಿಮ್ಮ ಡಾಕ್ಟರ್ ಚೀಟಿಯಲ್ಲಿರೋ ಪವರೇ ಈಗಲೂ ಇದೆ.”

“ಮತ್ತೆ ನಂಗ್ಯಾಕೆ ಸೂಜಿ ಕಾಣಲ್ಲ?”

ಸಾದಿಯಾ ಆ ಕಪ್ಪು ಕನ್ನಡಕವನ್ನು ಅವಳ ಮುಖಕ್ಕೇ ಹಾಕಿ, ಎದುರು ಕೂತು, ಕಣ್ಣಿನ ಪಾಪೆ ಎಲ್ಲಿದೆಯೋ ಅಲ್ಲಿ ಗಾಜಿನ ಮೇಲೆ ಪೆನ್ನಿನಿಂದ ಎರಡು ಚುಕ್ಕಿ ಇಟ್ಟಳು. ಆಮೇಲೆ ತೆಗೆದು ತೋರಿಸಿದಳು. ಹತ್ತಿರದ್ದು ಕಾಣಲು ಕೂರಿಸಿದ ಗಾಜಿನ ತುಂಡು ಚುಕ್ಕಿಗಿಂತ ಎಷ್ಟೋ ಕೆಳಗಿತ್ತು. ಗಾಜಿನ ನಡುಮಧ್ಯಕ್ಕೂ ಕಣ್ಣಿನ ಪಾಪೆಗೂ ಸಂಬಂಧವೇ ಇರಲಿಲ್ಲ. “ಪವರ್ ಸರಿ ಇದೆ, ಕೂರಬೇಕಾದ ಜಾಗದಲ್ಲಿ ಕೂತಿಲ್ಲ. ಇದನ್ನ ಮಾಡುವಾಗ ನಿಮ್ಮ ಮುಖದ ಅಳತೆ ಯಾರು ತಗೊಂಡ್ರು?”

ಓಬಳಮ್ಮ ಆ ಎರಡು ಚುಕ್ಕಿಗಳನ್ನೇ ನೋಡಿದಳು. ಯಾರೂ ತೆಗೆದುಕೊಂಡಿರಲಿಲ್ಲ! ಅದು ಮದುವೆಗಳ ತಿಂಗಳು, ಕೈತುಂಬ ಬಟ್ಟೆ. ಡಾಕ್ಟರ ಚೀಟಿಯನ್ನೂ ಒಂಬತ್ತು ವರ್ಷದ ಹಳೆಯ ಕನ್ನಡಕವನ್ನೂ ಕರ್ಚೀಪಿನಲ್ಲಿ ಸುತ್ತಿ, ‘ಇದ್ರ ಅಳತೆಗೇ ಒಂದು ಮಾಡಿಸ್ಕಂಬಾರ್ಲಾ’ ಎಂದು ಮಗನ ಕೈಗೆ ಕೊಟ್ಟಿದ್ದಳು. ಅವನು ಮಧುಗಿರಿಯ ಯಾವುದೋ ಅಂಗಡಿಯಲ್ಲಿ ತನ್ನ ಕಣ್ಣಿಗೆ ಗಟ್ಟಿ ಕಂಡ ಫ್ರೇಮು ಆರಿಸಿ ಮಾಡಿಸಿ ತಂದಿದ್ದ. ಗೋಡೆ ತುಂಬ ದೊಡ್ಡಕ್ಷರದಲ್ಲಿ ಬರೆಸಿಟ್ಟುಕೊಂಡವಳು ತಾನೇ ಹಳೆಯದನ್ನು ಅಳತೆಗೆ ಕಳಿಸಿದ್ದಳು!

“ಥೂ ನನ್ನ ಮಕಕ್ಕೆ!” ಎಂದು ಹಣೆ ಬಡಿದುಕೊಂಡಳು. ಆಮೇಲೆ ನಗು ಬಂತು. ಎಂಟು ತಿಂಗಳ ಹೆದರಿಕೆ ಕರಗಿ ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಸೆರಗಿನಿಂದ ಒರೆಸಿಕೊಂಡು ಎದ್ದು ನಿಂತಳು. “ಫ್ರೇಮು ತೋರ್ಸವ್ವ. ಈ ಸತಿ ನಾನೇ ಆರ್ಸ್ಕಂತೀನಿ.”

ಬಾಷಾ ಸಾಬರು ಒಳ್ಳೆಯ ಮನುಷ್ಯರೇ. ಆದರೆ ವಯಸ್ಸಾದ ಹೆಂಗಸರಿಗೆಂದು ಅವರ ಅಂಗಡಿಯ ಬೀರುವಿನ ಕೆಳಗಿನ ಅರೆಯಲ್ಲಿ ಒಂದು ತಟ್ಟೆ ಬೇರೆಯೇ ಇತ್ತು. ತೆಳುವಾದ ಚಿನ್ನದ ಬಣ್ಣದ ತಂತಿಯವು, ಎಲ್ಲ ಒಂದೇ ತರ. ಅದನ್ನು ತೆಗೆದು ಮುಂದಿಟ್ಟರು.

“ಮ್ಯಾಲಿನ ಅರೇದು?” ಎಂದು ಓಬಳಮ್ಮ ಬೆರಳು ತೋರಿದಳು.

“ಅರೆ, ಅದು ಡಿಸೈನರ್ ಫ್ರೇಮ್ ಅಮ್ಮಾ. ಕಾಲೇಜ್ ಹುಡ್ಗೀರು ಹಾಕ್ತಾರೆ.”

“ಯಾಕೆ, ನಂಗೆ ಮೂಗಿಲ್ವಾ? ಕಿವಿ ಇಲ್ವಾ? ತೆಗೀರಿ ಸಾಬ್ರೇ.”

ಸಾದಿಯಾ ಮುಸಿ ಮುಸಿ ನಕ್ಕು ತಾನೇ ತೆಗೆದು ಹರಡಿದಳು. ಓಬಳಮ್ಮ ಮೊದಲು ಯಾವುದನ್ನೂ ಮುಖಕ್ಕೆ ಇಡಲಿಲ್ಲ. ಬ್ಲೌಸಿನ ಕೆಲಸ ನೋಡಬೇಕಾದರೆ ಒಳಮಗ್ಗುಲು ತಿರುವಬೇಕು, ಅವಳಿಗೆ ಗೊತ್ತಿದ್ದ ದಾರಿ ಅದೇ. ಒಂದೊಂದನ್ನೂ ತಿರುವಿ, ಕಡ್ಡಿಯ ಒಳಗಡೆ ಬೆರಳಾಡಿಸಿ ನೋಡಿದಳು. ಒಂದರ ಹೊರಗೆ ಹೊಳಪು, ಒಳಗೆ ಒರಟು. “ಲೈನಿಂಗ್ ಇಲ್ಲದ ಬ್ಲೌಸು ಇದು” ಎಂದು ಪಕ್ಕಕ್ಕಿಟ್ಟಳು. ಇನ್ನೊಂದರ ಕೀಲು ಮಡಿಸಿ ಬಿಚ್ಚಿದರೆ ಲೊಡಲೊಡ ಅಂದಿತು, ಅದೂ ಪಕ್ಕಕ್ಕೆ. ಮತ್ತೊಂದಕ್ಕೆ ಹರಳು ಅಂಟಿಸಿದ್ದರು. “ಅಂಟಿಸಿದ್ದು ಉದುರ್ತೈತೆ. ಹೊಲ್ದಿದ್ದು ನಿಲ್ತೈತೆ” ಎಂದಳು.

ಉಳಿದವನ್ನು ಹಾಕಿಕೊಂಡು ನೋಡುವ ರೀತಿಯಂತೂ ಕೇಳಬೇಡಿ. ಕನ್ನಡಿಯ ಕಡೆ ತಿರುಗಿಯೂ ನೋಡಲಿಲ್ಲ. ಸ್ಟೂಲಿನ ಮೇಲೆ ಕೂತು, ಕೌಂಟರಿನ ಮೇಲೆ ಬಗ್ಗಿ, ಬಟ್ಟೆ ಸರಿಸುವಂತೆ ಎರಡು ಕೈ ಮುಂದೆ ಚಾಚಿ, ಕೆಳಗೆ ಕಾಲಲ್ಲಿ ಇಲ್ಲದ ಮಿಷನ್ನನ್ನು ತುಳಿಯತೊಡಗಿದಳು. ಅಂಗಡಿಗೆ ಬಂದಿದ್ದವರೆಲ್ಲ ಬಾಯಿ ಬಿಟ್ಟುಕೊಂಡು ನೋಡಿದರು. ಎರಡು ಫ್ರೇಮು ಜಾರಿದವು. ಒಂದು ಕೆನ್ನೆಗೆ ತಾಗಿತು.

ಆಗ ಸಾದಿಯಾ ಹುಣಸೆ ಬೀಜದ ಬಣ್ಣದ್ದೊಂದನ್ನು ಕೈಗಿತ್ತಳು. ಕಂದು ಅನ್ನಲೂ ಆಗದ, ಕೆಂಪು ಅನ್ನಲೂ ಆಗದ ಬಣ್ಣ, ಒಳಗೂ ಹೊರಗೂ ಒಂದೇ ನುಣುಪು. ಕೀಲು ಸದ್ದಿಲ್ಲದೆ ಮಡಿಸಿಕೊಂಡಿತು. ಓಬಳಮ್ಮ ಹಾಕಿಕೊಂಡು ಬಗ್ಗಿದಳು, ತುಳಿದಳು, ತಲೆ ಅಲ್ಲಾಡಿಸಿದಳು. ಮೂಗಿನ ಮೇಲೆ ಕೂತದ್ದು ಕೂತೇ ಇತ್ತು. ಬಲಗಡೆ ಮಾತ್ರ ಒಂದು ಕೂದಲೆಳೆ ಎತ್ತಿಕೊಂಡಿತ್ತು.

“ನಿಮ್ಮ ಒಂದು ಕಿವಿ ಸ್ವಲ್ಪ ಮೇಲಿದೆ ಅಮ್ಮಾ” ಎಂದಳು ಸಾದಿಯಾ.

“ಇರ್ಲಿ ಬುಡವ್ವ. ಎರಡು ಭುಜಾನೂ ಸಮ ಇರೋ ಹೆಂಗಸ್ನ ನಾನು ಇವತ್ತಿಗೂ ನೋಡಿಲ್ಲ.”

ಸಾದಿಯಾ ಬಿಸಿಗಾಳಿಯ ಯಂತ್ರಕ್ಕೆ ಕಡ್ಡಿಯ ತುದಿ ಹಿಡಿದು, ಮೆತ್ತಗಾದ ಮೇಲೆ ಬಗ್ಗಿಸಿ, ಕಿವಿಯ ಹಿಂದೆ ಇಟ್ಟು ನೋಡಿದಳು, ಮತ್ತೆ ಬಗ್ಗಿಸಿದಳು. ನಾಲ್ಕು ಸಲ. ಯಾವ ಸಲವೂ ಬೇಸರಿಸಲಿಲ್ಲ. ಕೆಲಸ ಬಲ್ಲ ಹುಡುಗಿ ಎಂದು ಓಬಳಮ್ಮನಿಗೆ ಅವಳ ಮೇಲೆ ಪ್ರೀತಿ ಉಕ್ಕಿತು.

ಅಷ್ಟರಲ್ಲಿ ಫೋನು. ಪ್ರಸನ್ನ ಕುಮಾರ. ವಿಷಯ ಕೇಳಿದವನೇ ರೇಗಿದ. “ಡಿಸೈನರ್ ಫ್ರೇಮಾ? ಯಾವುದೋ ಒಂದು ಸಾದಾ ತಗೊಂಡು ಬಾರವ್ವಾ. ಈ ವಯಸ್ನಾಗೆ ನಿನ್ನ ಯಾರು ನೋಡ್ತಾರೆ?”

“ಯಾರಾದ್ರೂ ನೋಡ್ಲಿ ಅಂತಲ್ಲ ಕಣ್ಲಾ. ನಾನು ನೋಡ್ಬೇಕು” ಎಂದು ಓಬಳಮ್ಮ ಫೋನು ಕತ್ತರಿಸಿದಳು.

ಕನ್ನಡಕ ಶನಿವಾರ ಸಿದ್ಧ ಎಂದರು ಬಾಷಾ ಸಾಬರು. “ನೀವು ಮತ್ತೆ ಬರೋದು ಬೇಡ ಅಮ್ಮಾ, ಬಸ್ಸಿನ ಕಂಡಕ್ಟರ್ ಕೈಲಿ ಕಳಿಸ್ತೀವಿ.”

“ಬ್ಯಾಡ ಸಾಬ್ರೇ. ಕಳ್ಸಿ, ಕಳ್ಸಿಕಂಡು ಒಂದ್ಸತಿ ಬುದ್ಧಿ ಬಂದೈತೆ. ನಾನೇ ಬತ್ತೀನಿ.”

ಶನಿವಾರ ಅವಳೇ ಹೋಗಿ, ಹಾಕಿಕೊಂಡು, ಬಗ್ಗಿ ನೋಡಿ, ತಂದಳು. ಹುಣಸೆ ಬೀಜದ ಬಣ್ಣ ಮೂಗಿನ ಮೇಲೆ ಹೊಳೆಯುತ್ತಾ ಮನೆಯೊಳಗೆ ಬಂದಾಗ ಮಧುಶ್ರೀ ತುಟಿ ಕಚ್ಚಿ ನಗು ತಡೆದಳು. ಮಗ ತಡೆಯಲಿಲ್ಲ. “ಸಿನಿಮಾದೋರ ತರ ಆಗವ್ಳೆ ನೋಡು! ಟೆಂಪೋಗೆ ಆಗ್ಲೇ ಹೇಳಾಗೈತೆ, ನಾಳೆ ಬತ್ತೈತೆ.”

“ಬರ್ಲಿ. ನಾಳೆ ಟೀಚರ್ ಬ್ಲೌಸು ಬಿಚ್ಚಿ ಮತ್ತೆ ಹೊಲೀತೀನಿ. ಎಲ್ಲಾರ ಮುಂದೇನೇ ತೊಟ್ಟು ನೋಡ್ಲಿ. ತೋಳು ಕೂರ್ಲಿಲ್ಲ ಅಂದ್ರೆ ನೀನೂ ಬ್ಯಾಡ, ನವೀನನೂ ಬ್ಯಾಡ, ನಾನೇ ಮಿಷನ್ ಎತ್ತಿ ಟೆಂಪೋದಾಗೆ ಇಡ್ತೀನಿ.”

ಭಾನುವಾರ ಹತ್ತು ಗಂಟೆಗೆ ಟೆಂಪೋ ಬಾಗಿಲಿಗೆ ಬಂದು ನಿಂತಿತು. ಒಳಗೆ ಮಿಷನ್ನು ಓಡುತ್ತಿತ್ತು. ನವೀನ ಕುಮಾರ ಚಪ್ಪಲಿ ಬಿಟ್ಟು ಒಳಗೆ ಇಣುಕಿ ಪಾವಗಡದ ತೆಲುಗಿನಲ್ಲಿ ಕ್ಷೇಮ ವಿಚಾರಿಸಿದ. “ಏಮತ್ತಾ, ಬಾಗುನ್ನಾವಾ? ಮಿಷನ್ ಎತ್ಕಂಡು ಹೋಗ್ಲಾ?”

“ಕುಂತ್ಕಳಪ್ಪ, ಕಾಫಿ ಕುಡಿ. ತೋಳು ಕೂರಿಸ್ತಾ ಇವ್ನಿ.” ಓಬಳಮ್ಮ ತಲೆ ಎತ್ತಲಿಲ್ಲ. ತಲೆ ಬಗ್ಗಿಸಿಯೇ ಇದ್ದಳು, ಕನ್ನಡಕ ಇದ್ದಲ್ಲೇ ಇತ್ತು. ಸೂಜಿ ಕಾಣುತ್ತಿತ್ತು, ಸೂಜಿಯ ಕೆಳಗಿನ ನೂಲೂ ಕಾಣುತ್ತಿತ್ತು, ನೂಲಿನ ಎಳೆಯೂ ಕಾಣುತ್ತಿತ್ತು. ಎಂಟು ತಿಂಗಳ ಮೇಲೆ ಮೊದಲ ಸಲ ಕತ್ತು ನೋಯಲಿಲ್ಲ.

ಟೀಚರ್ ಬಂದಳು, ಬ್ಲೌಸು ತೆಗೆದುಕೊಂಡು ಪರದೆಯ ಹಿಂದೆ ಹೋದಳು. ಮಗ ಗೋಡೆಗೊರಗಿ ನಿಂತಿದ್ದ. ಚಿಕ್ಕರಂಗಯ್ಯ ಕೂಡ ಬಾಯಲ್ಲಿದ್ದುದನ್ನು ಉಗಿದು ಬಂದು ಬಾಗಿಲಲ್ಲಿ ನಿಂತ. ಓಬಳಮ್ಮ ಕತ್ತರಿಯನ್ನು ತೊಡೆಯ ಮೇಲಿಟ್ಟುಕೊಂಡು ಪರದೆಯನ್ನೇ ನೋಡುತ್ತಿದ್ದಳು.

ಪರದೆ ಸರಿಯಿತು. ತೇಜಸ್ವಿನಿ ಟೀಚರ್ ಬಂದವಳು ಕರಿಹಲಗೆಯ ಮೇಲ್ತುದಿಯಲ್ಲಿ ತಾರೀಖು ಬರೆಯುವಂತೆ ಎಡಗೈ ಎತ್ತಿದಳು, ಬಲಗೈ ಎತ್ತಿದಳು, ಎರಡನ್ನೂ ಎತ್ತಿದಳು. ಬ್ಲೌಸು ಒಂದಿಷ್ಟೂ ಏಳಲಿಲ್ಲ. ಪೈಪಿಂಗು ಕತ್ತಿನ ಸುತ್ತ ಗೆರೆ ಎಳೆದಂತೆ ಕೂತಿತ್ತು.

“ಇದು ನಿಮ್ಮ ಕೈ ಅಮ್ಮಾ” ಎಂದಳು ಟೀಚರ್. ಆಮೇಲೆ ದನಿ ಇಳಿಸಿ, “ಅವತ್ತು ಜನರ ಮುಂದೆ ಅಂದುಬಿಟ್ಟೆ, ಬೇಜಾರು ಮಾಡ್ಕೋಬೇಡಿ.”

“ತಪ್ಪಿತ್ತು, ಅಂದ್ರಿ, ಬೇಜಾರ್ಯಾಕೆ? ಇವತ್ತೂ ಜನ ಅವ್ರೆ. ಜೋರಾಗೇ ಹೇಳಿ.”

ಟೀಚರ್ ಜೋರಾಗಿಯೇ ಹೇಳಿದಳು, ಟೆಂಪೋ ಡ್ರೈವರಿಗೂ ಕೇಳಿಸಿತು.

ನವೀನ ಕುಮಾರ ಕಾಫಿ ಲೋಟ ಕೆಳಗಿಟ್ಟು ತಲೆ ಕೆರೆದುಕೊಂಡ. “ಏಮ್ ಚೆಪ್ಪಾಲಿ ಅತ್ತಾ? ಲೋಹಿತಾಗೆ ಏನಂತ ಹೇಳ್ಲಿ?”

“ಮಿಷನ್ನು ಬರಲ್ಲ, ಕಲೀಬೇಕಂದ್ರೆ ಅವಳೇ ಬರ್ಲಿ ಅಂತ ಹೇಳು. ಆರು ತಿಂಗ್ಳು ನನ್ನ ಪಕ್ಕದಾಗೆ ಕೂರಿಸ್ಕಂಡು ಕಲಿಸ್ತೀನಿ. ಗೋಡೆ ಮ್ಯಾಲೆ ಬರ್ದೈತಲ್ಲ, ಓದ್ಕೊ.”

ಖಾಲಿ ಟೆಂಪೋ ಹೊರಟಿತು. ಪ್ರಸನ್ನ ಕುಮಾರ ಏನು ಮಾಡುವುದೆಂದು ತೋಚದೆ ಟೇಬಲ್ಲಿನ ಮೇಲೆ ಬಿದ್ದಿದ್ದ ಹಳೆಯ ಕಪ್ಪು ಕನ್ನಡಕವನ್ನು ಎತ್ತಿ ಹಿಡಿದ. “ಅವ್ವಾ, ಇದುನ್ನ ಏನು ಮಾಡ್ಲಿ?”

ಓಬಳಮ್ಮ ಕೈ ಚಾಚಿ ಕನ್ನಡಕ ಈಸಿಕೊಂಡಳು. ಕತ್ತರಿಯಿಂದ ಎರಡು ಕಡೆಯ ಹೊಲಿಗೆ ಬಿಚ್ಚಿ, ಎಲಾಸ್ಟಿಕ್ಕನ್ನು ಎಳೆದು ನೋಡಿ ಡಬ್ಬಿಗೆ ಹಾಕಿಕೊಂಡಳು. ಕನ್ನಡಕವನ್ನು ಅವನ ಕೈಗೇ ವಾಪಸು ಇಟ್ಟಳು.

“ಎಲಾಸ್ಟಿಕ್ ಇನ್ನೂ ಚೆನ್ನಾಗೈತೆ, ನಂಗೆ ಬೇಕು. ಇದು ನೀನೇ ಮಡಿಕ್ಕಳಪ್ಪ, ನೀನೇ ಆರಿಸಿದ್ದಲ್ವಾ” ಎಂದು ಮುಂದಿನ ಬಟ್ಟೆ ಎತ್ತಿಕೊಂಡು ಮಿಷನ್ನು ತುಳಿದಳು.