ಇಳಿತದ ಹೊತ್ತು

"ಈ ಹೊತ್ತಲ್ಲಿ ಬಂದು ಕೇಳೋ ಮಾತಲ್ಲ ಅಕ್ಕಾ, ಆದ್ರೆ ಗೇಟಿನ ಚಕ್ರ ತಿರುಗಿಸೋ ಹಿಡಿ ಘಟಕದಲ್ಲಿಲ್ಲ" ಎಂದ ಬದಲಿ ಆಪರೇಟರ್, ಹೊಸ್ತಿಲ ಆಚೆಯೇ ನಿಂತು. ತಲೆಯ ಮೇಲಿನ ಕ್ಯಾಪ್ ತೆಗೆದು ಎರಡೂ ಕೈಯಲ್ಲಿ ಹಿಡಿದಿದ್ದ. "ಎಲ್ಲಾ ಕಡೆ ಹುಡುಕಿದೆ. ಟೂಲ್ ಪೆಟ್ಟಿಗೆ, ಪಂಪಿನ ಹಿಂದೆ, ಕೊನೆಗೆ ಕಕ್ಕಸಿನಲ್ಲೂ ನೋಡ್ದೆ."

ಒಳಗಿದ್ದವರು ಬಾಗಿಲ ಕಡೆ ತಿರುಗಿದರು. ನಡುಮನೆಯಲ್ಲಿ ಎರಡು ಬೆಂಚು ಜೋಡಿಸಿ ಅದರ ಮೇಲೆ ಪೆಟ್ಟಿಗೆ ಇಟ್ಟಿದ್ದರು. ಊರಿನ ಕೊಳಚೆ ನೀರು ಶುದ್ಧೀಕರಣ ಘಟಕವನ್ನು ಇಪ್ಪತ್ತಾರು ವರ್ಷ ನಡೆಸಿದವನು ಅದರಲ್ಲಿ ಮಲಗಿದ್ದ. ಹಿಂದಿನ ದಿನ ಮಧ್ಯಾಹ್ನ ಹನ್ನೆರಡೂ ಮುಕ್ಕಾಲಿಗೆ, ಕೆಲಸಕ್ಕೆ ಹೊರಡಲು ಬೂಟಿನ ಲೇಸು ಕಟ್ಟುತ್ತಿದ್ದಾಗ, ಹಾಗೆಯೇ ಮುಂದಕ್ಕೆ ಬಾಗಿದವನು ಮೇಲೇಳಲಿಲ್ಲ. ವಯಸ್ಸು ಐವತ್ತೊಂಬತ್ತು. ನಿವೃತ್ತಿಗೆ ಏಳು ತಿಂಗಳಿತ್ತು.

"ಪಂಪಿನ ಬಾವಿ ಎಷ್ಟು ತುಂಬಿದೆ?" ಎಂದು ಕೇಳಿದಳು ಹೆಂಡತಿ.

ಬದಲಿ ಆಪರೇಟರ್ ಗಾಬರಿಯಾದ. ಗಂಡ ಸತ್ತ ಹೆಂಗಸು ಇದನ್ನು ಕೇಳುತ್ತಾಳೆಂದು ಆತ ಎಣಿಸಿರಲಿಲ್ಲ. "ಕೆಂಪು ಗೆರೆಗೆ ಒಂದು ಗೇಣು ಕಡಿಮೆ. ಹತ್ತೂವರೆಗೆ ಮುಟ್ಟುತ್ತೆ. ಮುಟ್ಟಿದಾಗ ಸಮುದ್ರದ ಗೇಟು ಪೂರ್ತಿ ತೆಗೀಬೇಕು ಅಂತ ಪುಸ್ತಕದಲ್ಲಿದೆ. ಇಲ್ಲಾಂದ್ರೆ ಕೆಳಗಿನ ಬೀದಿಯವರ ಬಚ್ಚಲಲ್ಲಿ ವಾಪಸ್ ಬರುತ್ತೆ."

ಗೋಡೆಯ ಗಡಿಯಾರದಲ್ಲಿ ಒಂಬತ್ತು ಗಂಟೆ ಐದು ನಿಮಿಷ. ಅಂತ್ಯಕ್ರಿಯೆ ಹನ್ನೊಂದೂವರೆಗೆ.

"ಕೂತ್ಕೊಳ್ಳಿ" ಎಂದಳು ಆಕೆ. "ಟೀ ಕುಡೀರಿ. ಹುಡುಕಿಸ್ತೀನಿ."

ಹುಡುಕಿಸುವ ಅಗತ್ಯವಿರಲಿಲ್ಲ. ಹಿಡಿ ಅಡುಗೆಮನೆಯ ಬಾಗಿಲ ಹಿಂದೆ, ಪೊರಕೆಯ ಪಕ್ಕದಲ್ಲಿತ್ತು. ಮೊಳದುದ್ದದ ಕಬ್ಬಿಣ, ಹಿಡಿಯುವ ಕಡೆ ಗಂಡನೇ ಸೈಕಲ್ ಟ್ಯೂಬ್ ಸುತ್ತಿದ್ದ.

ಬದಲಿ ಆಪರೇಟರ್‌ಗೆ ಜಾಗ ಬಿಟ್ಟುಕೊಡುತ್ತಾ, ಊರಿನ ಕ್ಷೌರಿಕ ಪೆಟ್ಟಿಗೆಯ ಕಡೆ ಕೈ ತೋರಿಸಿ ಹೇಳಿದ: "ನಿನಗೆ ಗೊತ್ತಿಲ್ಲ ಮಾರಾಯ, ಇವನಿಗೆ ನಾವು ಕೆಟ್ಟ ಗಡಿಯಾರ ಅಂತಿದ್ವಿ. ಇವತ್ತು ಹನ್ನೊಂದಕ್ಕೆ ನನ್ನ ಅಂಗಡಿ ಮುಂದೆ ಹೋದ್ರೆ ನಾಳೆ ಹನ್ನೊಂದು ಮುಕ್ಕಾಲು, ನಾಡಿದ್ದು ಹನ್ನೆರಡೂವರೆ. ಭಾನುವಾರ ಇಲ್ಲ, ರಜ ಇಲ್ಲ. ಏನಯ್ಯಾ ನಿನ್ನ ಡ್ಯೂಟಿ ಲೆಕ್ಕ ಅಂದ್ರೆ, ಗಡಿಯಾರ ಕೆಟ್ಟಿದೆ ಅಂತ ನಗೋನು."

"ರಿಪೇರಿ ಮಾಡಿಸೋ ಅಂತ ನಾನೂ ಸಾವಿರ ಸಲ ಬೈದಿದ್ದೆ" ಎಂದಳು ಸತ್ತವನ ಅಕ್ಕ. ನಗಲು ಹೋಗಿ ಅತ್ತುಬಿಟ್ಟಳು.

*

ಮದುವೆಯಾಗಿ ಎರಡನೇ ವರ್ಷ ಆತನಿಗೆ ಘಟಕದ ಕೆಲಸ ಸಿಕ್ಕಿತ್ತು. ಮೊದಲ ದಿನ ಮನೆಗೆ ಬಂದಾಗ ಅಕ್ಕ ಬಾಗಿಲಲ್ಲೇ ಶಾಲಿನಿಂದ ಮೂಗು ಮುಚ್ಚಿಕೊಂಡು, "ಹಿಂದಿನಿಂದ ಬಾ, ಹಿಂದಿನಿಂದ" ಎಂದು ಕೂಗಿದ್ದಳು. ತಮ್ಮ ಮನೆ ಸುತ್ತಿ ಹಿತ್ತಿಲಿಗೆ ಹೋದ. ಹೆಂಡತಿ ಬಿಸಿನೀರು ಕೊಂಡೊಯ್ದು ಕೊಟ್ಟಳು, ಬಿಚ್ಚಿದ ಬಟ್ಟೆಯನ್ನು ಕೈಯಲ್ಲೇ ಎತ್ತಿಕೊಂಡಳು.

"ವಾಸನೆ ಬರಲ್ವಾ ನಿಂಗೆ?" ಎಂದು ಆತ ಕೇಳಿದ.

"ಬರುತ್ತೆ. ಏನೀಗ?"

ಅವತ್ತಿನಿಂದ ನಿನ್ನೆಯವರೆಗೂ ಆಕೆ ಒಂದು ದಿನವೂ ಮೂಗಿಗೆ ಬಟ್ಟೆ ಹಿಡಿದವಳಲ್ಲ. ಬಸ್ಸಿನಲ್ಲಿ ಯಾರಾದರೂ ಆತನ ಪಕ್ಕದಿಂದ ಎದ್ದು ಹೋದರೆ ಆಕೆ ಆ ಸೀಟಿನಲ್ಲಿ ಹೋಗಿ ಕೂರುತ್ತಿದ್ದಳು.

ಘಟಕದ ಸಂಗತಿ ಆಕೆಗೆ ತಿಳಿದದ್ದು ಆರು ವರ್ಷದ ನಂತರ. ನಾಲ್ಕು ಸಾವಿರ ಜನಕ್ಕೆಂದು ಕಟ್ಟಿದ್ದು. ಊರು ಆಗಲೇ ಏಳು ಸಾವಿರ ದಾಟಿತ್ತು. ನೀರಿಗೆ ಗಾಳಿ ಹೊಡೆಯುವ ಮೂರು ಯಂತ್ರಗಳಲ್ಲಿ ಎರಡು ನಿಂತಿದ್ದವು. ಶುದ್ಧವಾಗದೆ ಉಳಿದದ್ದೆಲ್ಲ ಪಂಪಿನ ಕೆಳಗಿನ ಬಾವಿಯಲ್ಲಿ ತುಂಬುತ್ತಿತ್ತು. ಬಾವಿಯಿಂದ ಕಡಲಿಗೆ ಒಂದು ಗೇಟು. ತುರ್ತಿಗೆ ಮಾತ್ರ ಎಂದು ಅದರ ಮೇಲೆ ಬರೆದಿತ್ತು. ನಿಯಮದಂತೆ ಗೆರೆ ಮುಟ್ಟಿದಾಗ ತೆಗೆದರೆ, ಅದು ಉಬ್ಬರದ ಹೊತ್ತಾಗಿದ್ದರೆ, ಹೋದದ್ದೆಲ್ಲ ಅಲೆಯ ಜೊತೆ ಕೊಲ್ಲಿಗೇ ವಾಪಸ್ ಬರುತ್ತಿತ್ತು. ಆತ ನಾಲ್ಕು ಪತ್ರ ಬರೆದ. ಉತ್ತರ ಬರಲಿಲ್ಲ. ಆಮೇಲೆ ಬಂದರಿನ ಕಚೇರಿಯಿಂದ ಉಬ್ಬರ-ಇಳಿತದ ಪಟ್ಟಿ ತಂದು ಅಡುಗೆಮನೆಯ ಕಿಟಕಿಯ ಪಕ್ಕ ಅಂಟಿಸಿದ. ದಿನಕ್ಕೊಂದು ಸಲ, ಉಬ್ಬರ ಮುಗಿದು ನೀರು ತಿರುಗುವ ಹೊತ್ತಿಗೆ ಹೋಗಿ ಗೇಟು ತೆಗೆಯುತ್ತಿದ್ದ. ನಲವತ್ತೆರಡು ಸುತ್ತು. ಇಳಿತ ಎಲ್ಲವನ್ನೂ ದೂರ ಎಳೆದುಕೊಂಡು ಹೋಗುತ್ತಿತ್ತು. ಆ ಹೊತ್ತು ದಿನಕ್ಕೆ ಐವತ್ತು ನಿಮಿಷದಂತೆ ಮುಂದೆ ಹೋಗುತ್ತದೆ; ಆತನೂ ಅದರ ಹಿಂದೆಯೇ ಹೋದ. ಬೇರೆ ಯಾರೂ ತಪ್ಪು ಹೊತ್ತಲ್ಲಿ ತೆಗೆಯದಿರಲಿ ಎಂದು ಹಿಡಿಯನ್ನು ಮನೆಗೆ ತರುತ್ತಿದ್ದ.

ತುರ್ತಿನ ಗೇಟನ್ನು ದಿನಾ ತೆಗೆಯುವುದು ಕೆಲಸ ಕಳೆದುಕೊಳ್ಳುವಂಥ ತಪ್ಪು. ಆತ ಯಾವ ಪುಸ್ತಕದಲ್ಲೂ ಅದನ್ನು ಬರೆಯಲಿಲ್ಲ. ಗೊತ್ತಿದ್ದದ್ದು ಹೆಂಡತಿಗೆ, ಆಮೇಲೆ ಮಗಳಿಗೆ.

*

ಮಗಳು ಅಡುಗೆಮನೆಯ ಬಾಗಿಲು ಮುಂದಕ್ಕೆ ಮಾಡಿ ಪಟ್ಟಿಯ ಮುಂದೆ ನಿಂತಿದ್ದಳು. ಪಕ್ಕದ ಊರಿನ ಆಸ್ಪತ್ರೆಯಲ್ಲಿ ನರ್ಸ್. ಇಡೀ ರಾತ್ರಿ ಎದ್ದಿದ್ದ ಕಣ್ಣು. ಪ್ರತಿ ದಿನದ ಎದುರು ಅಪ್ಪನ ಕೆಂಪು ಪೆನ್ಸಿಲ್ಲಿನ ಗೀಟಿತ್ತು. ಮೊನ್ನೆಯದೇ ಕೊನೆ.

"ಇವತ್ತು ಉಬ್ಬರ ಮುಗಿಯೋದು ಎರಡು ಗಂಟೆಗೆ" ಎಂದಳು. "ಹತ್ತೂವರೆಗೆ ತೆಗೆದ್ರೆ ಪೂರ್ತಿ ಒಳಗೇ ಬರುತ್ತಮ್ಮ. ಸ್ಮಶಾನ ಕೊಲ್ಲಿಗೆ ಎದುರೇ ಇದೆ."

"ಗೊತ್ತು."

"ನಾನು ಹೋಗ್ತೀನಿ. ಘಟಕದ ಹಳೆ ಕೊಳದ ವಾಲ್ವ್ ತಿರುಗಿಸಿ ಬಾವಿಗೆ ಬರೋದನ್ನ ಅತ್ತ ಬಿಟ್ರೆ ಮೂರು ನಾಲ್ಕು ಗಂಟೆ ತಡೆಯುತ್ತೆ. ಅಪ್ಪನಿಗೆ ಜ್ವರ ಬಂದಾಗ ಮಾಡಿದ್ದೆನಲ್ಲ. ಎರಡಕ್ಕೆ ನೀರು ತಿರುಗಿದ ಮೇಲೆ ಗೇಟು ತೆಗೆದು ಬರ್ತೀನಿ."

"ಅಪ್ಪನ ಮಣ್ಣಿಗೆ ನೀನಿರಲ್ಲ ಹಾಗಾದ್ರೆ."

"ಅಪ್ಪನಿಗೆ ಬೇಜಾರಾಗಲ್ಲ. ಬದಲಿಯವರು ಪುಸ್ತಕದಲ್ಲಿಲ್ಲದ್ದು ಮಾಡಲ್ಲ. ಇನ್ಯಾರಿದ್ದಾರೆ?"

ತಾಯಿ ಪಾತ್ರೆಯಲ್ಲಿ ಕುದಿಯುತ್ತಿದ್ದ ಟೀ ಇಳಿಸಿದಳು. ನಡುಮನೆಯಿಂದ ಐಸ್ ಕಾರ್ಖಾನೆಯ ಯಜಮಾನರ ದನಿ ಕೇಳಿಸಿತು. ಈಗಷ್ಟೇ ಬಂದಿದ್ದರು. ನಾಳೆ ಬೆಳಿಗ್ಗೆ ಹತ್ತಕ್ಕೆ ಪುರಸಭೆಯಲ್ಲಿ ಹೊಸ ಘಟಕ ಬೇಕೋ ಬೇಡವೋ ಎಂದು ಮತ ಹಾಕುವುದಿತ್ತು. ಬೇಡ ಎನ್ನುವವರಿಗೆಲ್ಲ ಅವರೇ ಮುಂದಾಳು. ಹಾಗೆಂದು ಕೆಟ್ಟವರಲ್ಲ, ನಿನ್ನೆ ವಿಷಯ ತಿಳಿದ ಕೂಡಲೇ ದೇಹ ಕೆಡದಿರಲೆಂದು ಒಂದು ಗಾಡಿ ಐಸ್ ಕಳಿಸಿದ್ದರು.

"ನಾಳೆ ಎಷ್ಟು ಜನ ಬೇಡ ಅಂತಾರೆ?" ಎಂದು ಕೇಳಿದಳು ತಾಯಿ.

"ಹದಿನೈದರಲ್ಲಿ ಹತ್ತು ಜನ ಅಂತೆ."

*

ಹೋದ ತಿಂಗಳು ಶಾಲೆಯ ಹಾಲಿನಲ್ಲಿ ಸಭೆ ಸೇರಿದ್ದರು. ಯಜಮಾನರು ಗಾಜಿನ ಜಾಡಿಯಲ್ಲಿ ಕೊಲ್ಲಿಯ ನೀರು ತುಂಬಿಸಿ ತಂದು ಮೇಜಿನ ಮೇಲಿಟ್ಟು, ಆಮೇಲೆ ಟ್ಯೂಬ್‌ಲೈಟಿಗೆ ಎತ್ತಿ ಹಿಡಿದರು.

"ನೋಡಿ! ಇದಕ್ಕೆ ಹೊಸ ಘಟಕ ಯಾಕ್ರೀ? ಮನೆ ಮನೆಗೂ ತೆರಿಗೆ ಯಾಕೆ? ನಮ್ಮ ನೀರು ಗಲೀಜು ಅಂತ ನಾವೇ ಡಂಗುರ ಹೊಡೆದ್ರೆ ನಾಳೆ ನಮ್ಮ ಮೀನು ಯಾರು ಮುಟ್ತಾರೆ?"

ಚಪ್ಪಾಳೆ ಬಿತ್ತು. ಆಗ ಹಿಂದಿನ ಸಾಲಿನಿಂದ ಆತ ಎದ್ದು ನಿಂತ. ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡಿದ್ದ.

"ಘಟಕ ಕಟ್ಟಿದ್ದು ನಾಲ್ಕು ಸಾವಿರ ಜನಕ್ಕೆ. ಈಗ ಹನ್ನೊಂದು ಸಾವಿರ ಇದ್ದೀವಿ. ಅದು ಕೆಲಸ ಮಾಡ್ತಾ ಇಲ್ಲ. ಹೊಸದು ಬೇಕು."

"ಅಲ್ಲಯ್ಯಾ, ನೀನು ನಡೆಸೋ ಘಟಕ ಸರಿಯಿಲ್ಲ ಅಂತ ನೀನೇ ಹೇಳ್ತೀಯಲ್ಲ!" ಯಜಮಾನರು ಜಾಡಿ ಅಲ್ಲಾಡಿಸಿದರು. "ಮತ್ತೆ ಈ ನೀರನ್ನ ಯಾರು ತೊಳೆದಿದ್ದು, ನಿನ್ನ ಹೆಂಡ್ತಿನಾ?"

ಹಾಲೆಲ್ಲ ನಕ್ಕಿತು. ಆತ ಬಾಯಿ ತೆರೆದ, ಮುಚ್ಚಿದ, ಕೂತ.

ಮನೆಗೆ ನಡೆದು ಬರುವಾಗ ಆತ ಸೇತುವೆಯ ಹತ್ತಿರ ಕಟ್ಟೆಯ ಮೇಲೆ ಕೂತು, "ನಾನೊಂದು ದಿನ ಮಲಗಿಬಿಟ್ರೆ ಸಾಕು ಕಣೇ" ಎಂದ. "ಒಂದೇ ದಿನ. ಊರಿಗೆ ಊರೇ ಬಂದು ಹೊಸ ಘಟಕ ಕೇಳುತ್ತೆ."

"ಹಾಗಾದ್ರೆ ಮಲಗಿ."

"ಮಕ್ಕಳು ಈಜ್ತಿರ್ತಾರೆ."

"ಬೋರ್ಡು ಹಾಕಿ."

"ಬೋರ್ಡು ಓದಿ ಈಜೋ ಮಕ್ಕಳನ್ನ ನೀನೆಲ್ಲಿ ನೋಡಿದ್ದೀಯಾ?" ಎಂದು ಎದ್ದು ಹಿಂಬದಿಯ ಧೂಳು ಕೊಡವಿಕೊಂಡ. "ನಡಿ. ನಾಳೆ ಬೆಳಿಗ್ಗೆ ಆರೂ ಹತ್ತಕ್ಕಿದೆ."

*

"ಇವತ್ತು ಮಕ್ಕಳು ನೀರಿಗಿಳೀತಾರಾ?" ಎಂದು ತಾಯಿ ಕೇಳಿದಳು.

"ಶಾಲೆ ಇದೆ. ಮೂರೂವರೆವರೆಗೂ ಬಿಡಲ್ಲ."

"ದೋಣಿಯವರು?"

"ಯಾರೂ ಹೋಗಿಲ್ಲ. ಎಲ್ಲ ಇಲ್ಲೇ ಇದ್ದಾರಲ್ಲ, ಬೀದಿಯಲ್ಲಿ." ಮಗಳು ತಟ್ಟನೆ ತಿರುಗಿದಳು. "ಅಮ್ಮಾ, ಏನು ಯೋಚಿಸ್ತಿದ್ದೀಯಾ?"

ತಾಯಿ ಬಾಗಿಲ ಹಿಂದೆ ಕೈಹಾಕಿ ಹಿಡಿಯನ್ನು ತೆಗೆದುಕೊಂಡಳು.

"ಜನ ಏನಂತಾರೆ ಗೊತ್ತಾ? ಇಪ್ಪತ್ತು ವರ್ಷ ನಮ್ಮ ಕಡಲಿಗೆ ಗಲೀಜು ಬಿಟ್ಟ ಅಂತಾರೆ. ಅಪ್ಪನ ಹೆಸರಲ್ಲಿ ಛೀಮಾರಿ ಹಾಕ್ತಾರೆ. ಪಿಂಚಣಿಗೂ ಕೊಕ್ಕೆ ಹಾಕಬಹುದು."

"ಹಾಕ್ಲಿ."

"ಅಮ್ಮಾ, ಅಪ್ಪನಿಗೆ ಆ ನೀರೇ ಮರ್ಯಾದೆ ಆಗಿತ್ತು. ಅವರನ್ನ ಕಳಿಸಿಕೊಡೋ ದಿನವೇ ಹೀಗೆ ಮಾಡೋದಾ?"

ಹಿಡಿಗೆ ಸುತ್ತಿದ ಟ್ಯೂಬಿನ ತುದಿ ಬಿಚ್ಚಿಕೊಂಡಿತ್ತು. ತಾಯಿ ಅದನ್ನು ಬಿಗಿಯಾಗಿ ಎಳೆದು ಒಳಗೆ ಸಿಕ್ಕಿಸಿದಳು.

"ಇವತ್ತು ನೀನು ತಡೀತೀಯಾ. ನಾಳೆ? ನಾಡಿದ್ದು ನಿಂಗೆ ಡ್ಯೂಟಿ ಇದೆ. ಮುಂದಿನ ವಾರ ಇದೇ ಮನುಷ್ಯ ಯಾವ ಹೊತ್ತಲ್ಲೋ ಗೇಟು ತೆಗೀತಾನೆ, ಆಗ ಮಕ್ಕಳು ನೀರಲ್ಲಿರ್ತಾರೆ. ಮತ ಆಗಿಹೋಗಿರುತ್ತೆ. ಒಂದು ದಿನ ಮಲಗಿಬಿಟ್ರೆ ಸಾಕು ಅಂದಿದ್ರು ಕಣಮ್ಮ. ಜ್ವರ ಬಂದಾಗಲೂ ನಿನ್ನ ಕಳಿಸಿದ್ರೇ ಹೊರತು ಮಲಗಲಿಲ್ಲ. ಈಗ ಮಲಗಿದ್ದಾರೆ. ಮಲಗಲಿ."

ನಡುಮನೆಗೆ ಹೋಗಿ ಹಿಡಿಯನ್ನು ಬದಲಿ ಆಪರೇಟರ್ ಕೈಗೆ ಕೊಟ್ಟಳು.

"ಭಾರ ಇದೆ" ಎಂದ ಆತ. "ಏನಾದ್ರೂ ವಿಶೇಷವಾಗಿ ನೋಡ್ಕೋಬೇಕಾ ಅಕ್ಕಾ?"

"ಪುಸ್ತಕದಲ್ಲಿ ಹೇಗಿದೆಯೋ ಹಾಗೆ ಮಾಡಿ. ನಲವತ್ತೆರಡು ಸುತ್ತು ಬರುತ್ತೆ. ಮೂವತ್ತರ ಹತ್ತಿರ ಸ್ವಲ್ಪ ಬಿಗಿ."

*

ಸ್ಮಶಾನ ಕೊಲ್ಲಿಯ ಎದುರಿನ ದಿಬ್ಬದ ಮೇಲಿತ್ತು. ಮೊಣಕಾಲೆತ್ತರದ ಕಲ್ಲಿನ ಗೋಡೆ, ಅದರಾಚೆ ಮರಳು, ಆಮೇಲೆ ನೀರು. ನೂರೈವತ್ತು ಜನ ಸೇರಿದ್ದರು. ಪೆಟ್ಟಿಗೆಯನ್ನು ಗುಂಡಿಯ ಅಂಚಿನಲ್ಲಿ ಎರಡು ಹಲಗೆಯ ಮೇಲೆ ಇಟ್ಟರು. ಬಿಸಿಲಿತ್ತು. ಕಡಲಿನಿಂದ ಸಣ್ಣಗೆ ಗಾಳಿ ಬರುತ್ತಿತ್ತು.

ನಾಲ್ಕು ಮಾತಾಡಬೇಕೆಂದು ಎಲ್ಲರೂ ಯಜಮಾನರನ್ನೇ ಕೇಳಿಕೊಂಡರು. ಅವರು ಕಡಲಿಗೆ ಬೆನ್ನು ಮಾಡಿ ನಿಂತರು.

"ನಾನೂ ಇವನೂ ಸಭೆಯಲ್ಲಿ ಜಗಳ ಆಡಿದೋರು" ಎಂದು ಶುರು ಮಾಡಿದರು. "ಇವನ ಹೆಂಡ್ತಿ ಮುಂದೆ ಒಂದು ಮಾತು ಹೇಳ್ತೀನಿ. ಅವತ್ತು ನಾನು ತಮಾಷೆ ಮಾಡಬಾರದಿತ್ತು. ಕ್ಷಮಿಸಬೇಕು ತಾಯೀ. ಹಾಳಾದ ಎರಡು ಯಂತ್ರ ಇಟ್ಕೊಂಡು ಈ ಕೊಲ್ಲಿನ ಕನ್ನಡಿ ಹಾಗೆ ಇಟ್ಟಿದ್ದ..."

ಮೊದಲು ಗೊತ್ತಾದದ್ದು ಕ್ಷೌರಿಕನಿಗೆ. ಮೂಗಿನ ಹೊಳ್ಳೆ ಒಮ್ಮೆ ಅಗಲವಾಯಿತು. ಪಕ್ಕದವನನ್ನು ನೋಡಿದ, ಪಕ್ಕದವನು ನೆಲ ನೋಡುತ್ತಿದ್ದ. ಗಾಳಿ ಇನ್ನೊಮ್ಮೆ ಬೀಸಿತು. ಈಗ ಮುಂದಿನ ಸಾಲಿಗೆಲ್ಲ ಬಂತು, ಆಮೇಲೆ ಹಿಂದಿನವರಿಗೆ. ಯಾರೂ ಕೈ ಎತ್ತಲಿಲ್ಲ. ಸತ್ತವನ ಅಕ್ಕನ ಕೈ ಶಾಲಿನ ಅಂಚನ್ನು ಹಿಡಿದು ಗಲ್ಲದವರೆಗೆ ಬಂದಿತ್ತು. ತಮ್ಮನ ಹೆಂಡತಿಯ ಮುಖ ನೋಡಿ ಬೆಚ್ಚಿ ಕೆಳಗಿಳಿಸಿದಳು. ಜನ ಉಸಿರು ಬಿಗಿ ಹಿಡಿದು, ಕಣ್ಣಲ್ಲಿ ನೀರು ತುಂಬಿಕೊಂಡು, ಮರ್ಯಾದೆಯಿಂದ ನಿಂತಿದ್ದರು. ಒಬ್ಬೊಬ್ಬರಾಗಿ ಪೆಟ್ಟಿಗೆಯ ಕಡೆ ನೋಡಿದರು, ತಟ್ಟನೆ ಬೇರೆ ಕಡೆ ನೋಡಿದರು.

ಹೆಂಡತಿಗೆ ಆ ನೋಟದ ಅರ್ಥವಾಯಿತು. ನಿನ್ನೆ ಮಧ್ಯಾಹ್ನ ಸತ್ತವನು, ಬಿಸಿಲು, ಐಸ್ ಕರಗಿರಬೇಕು. ಇವರೆಲ್ಲ ಇದನ್ನು ಗಂಡನ ದೇಹದ ವಾಸನೆ ಎಂದುಕೊಂಡಿದ್ದಾರೆ. ಆತನಿಗೋಸ್ಕರ ಸಹಿಸುತ್ತಿದ್ದಾರೆ.

ಮಗಳು ಆಕೆಯ ತೋಳು ಹಿಡಿದಳು. ಗೋಡೆಯ ಆಚೆ, ಏರುತ್ತಿದ್ದ ಉಬ್ಬರದ ಅಲೆಗಳ ಜೊತೆ, ಕಂದು ಬಣ್ಣದ ಒಂದು ಅಗಲವಾದ ಪಟ್ಟಿ ಕೊಲ್ಲಿಯ ಬಾಯಿಂದ ದಡದವರೆಗೂ ಬಂದು ಹಾಸಿಕೊಳ್ಳುತ್ತಿತ್ತು.

"...ಇನ್ನೂ ನೂರು ವರ್ಷ ಈ ನೀರು ಹೀಗೇ ಇರುತ್ತೆ" ಎನ್ನುತ್ತಿದ್ದರು ಯಜಮಾನರು, ತಿರುಗದೆ, ಒಂದು ಕೈಯನ್ನು ಹಿಂದಕ್ಕೆ ಕಡಲಿನ ಕಡೆ ಚಾಚಿ.

ಆಕೆ ಎರಡು ಹೆಜ್ಜೆ ಮುಂದೆ ಬಂದು ಪೆಟ್ಟಿಗೆಯ ಪಕ್ಕ ನಿಂತಳು. ಅದಕ್ಕೆ ಬೆನ್ನು ಮಾಡಿ ಕಡಲಿನ ಕಡೆ ತಿರುಗಿದಳು. ಆಮೇಲೆ, ಎಲ್ಲರೂ ನೋಡುತ್ತಿದ್ದಂತೆ, ಶಾಲಿನ ಅಂಚನ್ನು ಎತ್ತಿ ಮೂಗು ಮುಚ್ಚಿಕೊಂಡಳು.