ಯಂತ್ರದ ಬಾಯಿಗೆ ಒಂದು ಹಿಡಿ

ಚಟ್ನಿಪುಡಿ ಬೀಸುವ ಯಂತ್ರ ನಿಂತ ಮೇಲೂ ಅದರ ಗುಂಯ್‌ಕಾರ ಚನ್ನಬಸವ್ವನ ಕಿವಿಯಲ್ಲಿ ಸ್ವಲ್ಪ ಹೊತ್ತು ಉಳಿಯುತ್ತಿತ್ತು. ಹಾಗಾಗಿ ಫೋನು ಬಡಿದುಕೊಂಡದ್ದು ಅವಳಿಗೆ ತಡವಾಗಿ ಕೇಳಿಸಿತು. ಕೈತುಂಬ ಖಾರ, ಮೊಣಕೈಯಿಂದಲೇ ಸ್ಪೀಕರ್ ಒತ್ತಿದಳು.

"ಚಟ್ನಿ ಅಂಗಡಿನಾ? ನಾನ್ರೀ, ವಿಶಾಲಮ್ಮ. ಬೆಳಿಗ್ಗೆ ಗುರೆಳ್ಳು ಚಟ್ನಿಪುಡಿ ತಗೊಂಡ್ ಹೋದ್ನಲ್ಲ, ಮೈಸೂರಿನವಳು."

ಮರಾಠಿ ಸೀಮೆಯ ಬಿಬವೇವಾಡಿ ಬಡಾವಣೆಯ ಆ ಅಂಗಡಿಗೆ ಬರುವವರಲ್ಲಿ ಪಾಕೀಟು ತಿರುಗಿಸಿ ಚೀಟಿ ಓದುವವರು ಕಡಿಮೆ. ವಿಶಾಲಮ್ಮ ಕನ್ನಡಕ ಏರಿಸಿ, ಬೆಳಕಿಗೆ ಹಿಡಿದು ಓದಿದ್ದಳು. ಮೊಮ್ಮಗಳಿಗೆ ಶೇಂಗಾ ಆಗದು, ಚೂರು ಹೊಟ್ಟೆಗೆ ಹೋದರೂ ಉಸಿರು ಕಟ್ಟುತ್ತದೆ ಎಂದು ಬಾಯಿಬಿಟ್ಟು ಕೇಳಿಯೂ ಇದ್ದಳು. "ಶೇಂಗಾ ಇಲ್ರಿ ಅಕ್ಕಾರ. ಗುರೆಳ್ಳು, ಮೆಣಸಿನಕಾಯಿ, ಬಳ್ಳೊಳ್ಳಿ, ಉಪ್ಪು. ಚೀಟಿಯೊಳಗ ಏನದನೋ ಒಳಗೂ ಅದ ಅದ" ಎಂದು ಚನ್ನಬಸವ್ವ ಹೆಮ್ಮೆಯಿಂದಲೇ ಹೇಳಿದ್ದಳು.

"ಚಿನ್ನು ತುಟಿ ಊದ್ಕೊಂಡಿದೆ ಕಣ್ರೀ! ಕೆಮ್ತಾನೇ ಇದೆ ಮಗು. ಶೇಂಗಾ ತಿಂದ್ರೆ ಚುಚ್ಚು ಅಂತ ಅವಳಪ್ಪ ಇಂಜೆಕ್ಷನ್ ಇಟ್ಟು ಹೋಗಿದಾನೆ, ಫೋನ್ ಮಾಡಿದ್ರೆ ತೆಗೀತಿಲ್ಲ. ಇದು ಬರೀ ಖಾರ ನೆತ್ತಿಗೆ ಹತ್ತಿರೋದಾ? ಸುಮ್ಸುಮ್ನೆ ಚುಚ್ಚೋಕೆ ಕೈ ಬರ್ತಿಲ್ಲ. ಶೇಂಗಾ ಇಲ್ಲ ತಾನೇ?"

'ಇಲ್ರಿ' ಎಂಬುದು ನಾಲಿಗೆಯ ತುದಿಗೇ ಬಂದಿತ್ತು. ಅಷ್ಟರಲ್ಲಿ ಯಂತ್ರದ ಪಕ್ಕದ ಬೋಗುಣಿ ಕಣ್ಣಿಗೆ ಬಿತ್ತು.

ಬೋಗುಣಿಯಲ್ಲಿ ಹುರಿದ ಶೇಂಗಾ ಇತ್ತು. ಆ ಯಂತ್ರಕ್ಕೆ ನೀರು ತಾಗಿಸುವಂತಿಲ್ಲ. ಒಂದು ಪುಡಿ ಮುಗಿದು ಇನ್ನೊಂದಕ್ಕೆ ಕೈಹಚ್ಚುವ ಮೊದಲು ಒಂದು ಹಿಡಿ ಶೇಂಗಾ ಹಾಕಿ ತಿರುಗಿಸಿದರೆ ಹಿಂದಿನ ಖಾರ, ವಾಸನೆ ಎಲ್ಲ ಬಿಟ್ಟು ಬರುತ್ತದೆ. ಯಂತ್ರ ಬಾಯಿ ಮುಕ್ಕಳಿಸುವುದು ಎಂದು ಅತ್ತೆ ಕಲಿಸಿದ ಪದ್ಧತಿ. ತಿನ್ನುವ ಪದಾರ್ಥ ಚೆಲ್ಲಬಾರದಲ್ಲ, ಆ ಪುಡಿಯನ್ನು ಮುಂದಿನ ಚಟ್ನಿಗೇ ಬೆರೆಸುತ್ತಿದ್ದರು. ಅದು ಚಟ್ನಿಗೆ ಹಾಕಿದ್ದೆಂದು ಅವಳಿಗೆ ಒಮ್ಮೆಯೂ ಅನ್ನಿಸಿರಲಿಲ್ಲ. ಅವಳ ಮಟ್ಟಿಗೆ ಅದೊಂದು ಕಸಬರಿಗೆ. ಕಸಬರಿಗೆಯ ಹೆಸರನ್ನು ಚೀಟಿಯಲ್ಲಿ ಯಾರು ಬರೆಸುತ್ತಾರೆ?

ಗಂಡ ರಾಮಲಿಂಗಪ್ಪನೂ ಬೋಗುಣಿಯನ್ನೇ ನೋಡುತ್ತಿದ್ದ. ಬೆಳಗಿನ ಲಿಂಗಪೂಜೆಯಲ್ಲಿ ಅವನು ವಚನ ಹೇಳಿದರೆ ಓಣಿಯ ತುದಿಗೆ ಕೇಳುತ್ತದೆ. ಈಗ ಅದೇ ಗಂಟಲಿನಿಂದ ಪಿಸುಮಾತು ಹೊರಟಿತು.

"ಇಲ್ಲ ಅನ್ನು. ಚಟ್ನಿಗಂತ ನಾವೇನ್ ಹಾಕಿಲ್ಲ."

"ಮತ್ತ ಕೂಸು?"

"ಖಾರ ಹತ್ತಿರಬೇಕು. ಹೌದಂದಿ ಅಂದ್ರ ಗ್ರಾಹಕರ ಕೋರ್ಟಿಗೆ ಎಳೀತಾರ. ಲೈಸನ್ಸ್ ಹೋಗತದ, ಅಂಗಡಿ ಹೋಗತದ. ತಿಳೀತಿಲ್ಲೋ?"

"ಹಲೋ? ಯಾಕೆ ಸುಮ್ನಿದೀರಾ?"

ವಿಶಾಲಮ್ಮನ ದನಿಯ ಹಿಂದೆ ಇನ್ನೊಂದು ಸದ್ದಿತ್ತು. ಚನ್ನಬಸವ್ವ ಫೋನಿನ ಮೇಲೆ ಬಾಗಿ ಕಿವಿಗೊಟ್ಟಳು. ಉಸಿರು ಒಳಗೆಳೆದಾಗಲೆಲ್ಲ ಸಣ್ಣ ಸೀಟಿ. "ಅಜ್..." ಎಂದಿತು ಮಗು. ಉಳಿದದ್ದು ಹೊರಗೆ ಬರಲಿಲ್ಲ.

ರಾಮಲಿಂಗಪ್ಪ ಫೋನಿನ ಮೇಲೆ ಅಂಗೈ ಮುಚ್ಚಿದ. ಅವಳು ಖಾರದ ಕೈಯಿಂದಲೇ ಅವನ ಕೈಯನ್ನು ಕಿತ್ತು ಸರಿಸಿದಳು.

"ಅದ್ರಿ! ಶೇಂಗಾ ಅದ. ಚುಚ್ರಿ!"

"ಬೆಳಿಗ್ಗೆ ನೀವೇ ಇಲ್ಲ ಅಂದ್ರಲ್ಲಾ..."

"ತಪ್ಪು ಹೇಳೀನ್ರಿ. ಯಂತ್ರ ಸ್ವಚ್ಛ ಮಾಡಲಿಕ್ಕೆ ಹಾಕಿದ್ದು ಅದರಾಗ ಕೂಡ್ಯದ. ಆಮ್ಯಾಲೆ ಬೈರಿ ನನಗ, ಎಷ್ಟರ ಬೈರಿ. ಮೊದಲ ಚುಚ್ರಿ. ಮನಿ ಎಲ್ಲ್ಯದ?"

ಅಪ್ಪರ್ ರಸ್ತೆ, ನೀರಿನ ಟ್ಯಾಂಕಿನ ಎದುರಿನ ಕಟ್ಟಡ, ಎರಡನೇ ಮಹಡಿ. ಆಮೇಲೆ ಫೋನು ಎಲ್ಲೋ ಬಿದ್ದ ಸದ್ದು, ತಟ್ಟೆ ಉರುಳಿದ ಸದ್ದು. ಮತ್ತೆ ಏನೂ ಇಲ್ಲ. ಚನ್ನಬಸವ್ವ ಕಣ್ಣು ಮುಚ್ಚಿ ನಿಂತಳು. ದೇವರ ಹೆಸರು ಹೇಳಲೂ ಅವಳಿಗೆ ಭಯ. ಆ ಸದ್ದಿನಲ್ಲಿ ಮಗುವಿನ ಉಸಿರು ಕೇಳಿಸದೆ ಹೋದರೆ?

ಪಕ್ಕದಲ್ಲಿ ಯಾರೋ ಮರಾಠಿಯಲ್ಲಿ ಜೋರಾಗಿ ವಿಳಾಸ ಹೇಳುತ್ತಿದ್ದರು. ಕಣ್ಣು ತೆರೆದರೆ ರಾಮಲಿಂಗಪ್ಪ. ತನ್ನ ಫೋನಿನಿಂದ ಆಂಬುಲೆನ್ಸಿಗೆ ಹಚ್ಚಿದ್ದ. "ಲಹಾನ್ ಮುಲಗೀ ಆಹೆ, ಲವಕರ್ ಯಾ!" ಸಣ್ಣ ಹುಡುಗಿ, ಬೇಗ ಬನ್ನಿ ಎನ್ನುವಾಗ ಅವನ ಗಂಟಲು ಓಣಿಗೆಲ್ಲ ಕೇಳುತ್ತಿತ್ತು.

ಆಗ ಮಗು ಅತ್ತಿತು. ಮೊದಲು ತುಂಡುತುಂಡಾಗಿ, ಆಮೇಲೆ ಹಟ ಹಿಡಿದಂತೆ ಉದ್ದಕ್ಕೆ.

"ಅಳ್ಳಿ ಬಿಡ್ರಿ ಅಕ್ಕಾರ," ಎಂದಳು ಚನ್ನಬಸವ್ವ, "ಅಳ್ಳಿ."

ಸಂಜೆ ಮಗುವಿನ ತಂದೆ ಶಮಂತ್ ಬಂದ. ಆಸ್ಪತ್ರೆಯಿಂದ ನೇರ ಬಂದಿದ್ದ. ಪಾಕೀಟನ್ನು ಕಟ್ಟೆಯ ಮೇಲಿಟ್ಟ.

"ಉಸಿರಾಟ ಸರಿ ಇದೆ ಈಗ. ನಾಳೆವರೆಗೂ ಅಬ್ಸರ್ವೇಶನ್. ಲೇಬಲ್ ನೋಡ್ದೆ ಕೊಟ್ಟಿದ್ರೆ ನಮ್ಮ ತಪ್ಪು ಅಂತಿದ್ದೆ. ಅಮ್ಮ ಓದಿದ್ರು, ಕೇಳಿದ್ರು. ಇನ್ನೇನು ಮಾಡ್ಬೇಕಿತ್ತು? ನಾನು ಕಂಪ್ಲೇಂಟ್ ಕೊಡ್ತೀನಿ."

"ಆಕಿ ಖರೆ ಹೇಳಿದ್ದಕ್ಕ ಇದಾ ಏನ್ರಿ?" ಎಂದ ರಾಮಲಿಂಗಪ್ಪ.

"ಹೇಳಿದ್ದಕ್ಕೇ ಎದುರಿಗೆ ಬಂದು ಹೇಳ್ತಿದೀನಿ ಸರ್."

"ಕೊಡ್ರಿ," ಎಂದಳು ಚನ್ನಬಸವ್ವ. "ಫೋನಿನ್ಯಾಗ ಹೇಳಿದ್ದ ಅಲ್ಲೂ ಹೇಳತೀನಿ."

ಮರುದಿನ ಕಟ್ಟೆಯ ಮೇಲೆ ಪಾಕೀಟುಗಳಿರಲಿಲ್ಲ. ಬಾಗಿಲಿಗೆ ಒಂದು ರಟ್ಟು ತೂಗುತ್ತಿತ್ತು. ಇಲ್ಲಿಯ ಎಲ್ಲ ಚಟ್ನಿಯಲ್ಲೂ ಶೇಂಗಾ ಇದೆ, ಒಯ್ದವರು ನೋಡಿಕೊಳ್ಳಿ ಎಂದು ಮರಾಠಿಯಲ್ಲಿ ಮೇಲೆ, ಕನ್ನಡದಲ್ಲಿ ಕೆಳಗೆ. ಬರೆದದ್ದು ರಾಮಲಿಂಗಪ್ಪ, ಅವಳಿಗೆ ಸಾಲದೆನಿಸಿ 'ಶೇಂಗಾ' ಎಂಬುದನ್ನು ಮತ್ತೆ ದಪ್ಪಗೆ ತಿದ್ದಿದ್ದಳು.

ದಿನವೂ ಬರುವ ನೀತಾ ಓದಿದಳು. "ಅಯ್ಯ, ನಿನ್ನೆ ಊರಿಂದ ನಮ್ಮ ಮನಿಗೆ ಬಂದ ಕೂಸಿಗೂ ಶೇಂಗಾ ಆಗೂದಿಲ್ರಿ. ಬ್ಯಾರೆ ಕಡೆ ನೋಡತೀನಿ" ಎಂದು ಹೊರಟಳು.

ರಾಮಲಿಂಗಪ್ಪ ಹೆಂಡತಿಯ ಕಡೆ ನೋಡಿದ. ಅವಳು ಆಗಲೇ ಬಾಗಿಲಿಗೆ ಬಂದಿದ್ದಳು.

"ನೀತಾ, ಅಲ್ಲೂ ಚೀಟಿ ಒಂದ ಓದಬ್ಯಾಡವಾ. ಯಂತ್ರ ಯಾತರಿಂದ ಸ್ವಚ್ಛ ಮಾಡತೀರಿ ಅಂತ ಕೇಳು."