ಬಸ್ಸಿನ ಕೆಂಪು

"ಅದನ್ನ ಒರಸ್ತೀಯೋ ಇಲ್ಲೋ? ಗಂಡ ಹೋದ ಮ್ಯಾಲೂ ನಿಮ್ಮವ್ವ ಕುಂಕುಮ ಇಟಗೊಂಡ ಕುಂದರ್ತಾಳೇನ?"

"ಅತ್ತಿ, ಅದು ಚಿತ್ರ."

"ಚಿತ್ರಕ್ಕ ಬ್ಯಾರೆ ಗಂಡ ಅದಾನೇನಲೇ? ನಾಳೆ ಮನಿಗೆ ಕೇಡ ಬಂದ್ರ ಯಾರನ್ನ ಬೈತೀ?" ಎಂದಳು ಭೀಮಾಬಾಯಿ.

ಅಂಗಳದಲ್ಲಿದ್ದ ಮಂದಿ ತಲೆ ತಗ್ಗಿಸಿದರು. ಗುರಪ್ಪನ ಹೆಣವನ್ನು ಕಟ್ಟೆಯ ಮೇಲೆ ಗೋಡೆಗೆ ಒರಗಿಸಿ ಕೂಡ್ರಿಸಿದ್ದರು. ಅವನ ತಲೆಯ ಮೇಲೆ, ಅದೇ ಗೋಡೆಗೆ, ಹೆಂಡತಿ ಅಕ್ಕುತಾಯಿಯ ಚಿತ್ರವಿತ್ತು. ಅವನೇ ಬರೆದದ್ದು. ಹಣೆಯಲ್ಲಿ ರೂಪಾಯಿಯಗಲದ ಕುಂಕುಮ. ಹೆಣದ ಪಕ್ಕ ಕೂತಿದ್ದ ಅಕ್ಕುತಾಯಿಗೂ ಕಡೆಯ ಸಲವೆಂದು ಅಷ್ಟೇ ಅಗಲ ಹಚ್ಚಿ, ಹಸಿರು ಬಳೆ ತೊಡಿಸಿದ್ದರು. ಹೆಣ ಎತ್ತಿದ ಮೇಲೆ ಅದನ್ನೆಲ್ಲ ತೆಗೆಯುವವಳು ಗುರಪ್ಪನ ಅಕ್ಕ ಭೀಮಾಬಾಯಿ. ಅವಳ ಹಣೆ ಇಪ್ಪತ್ತೆಂಟರಲ್ಲೇ ಬರಿದಾಗಿತ್ತು.

ಮಗ ವಿಕ್ರಾಂತ ಚಿತ್ರ ಇಳಿಸಿದ. ಸೀಮೆಎಣ್ಣೆ ಅದ್ದಿದ ಅರಿವೆಯಿಂದ ತಿಕ್ಕತೊಡಗಿದ.

"ಹೋಗವಲ್ದು."

"ಬಸ್ಸಿನ ಬಣ್ಣೋ ತಮ್ಮಾ ಅದು," ಎಂದ, ಚಿಕ್ಕೋಡಿಯ ಡಿಪೋದಿಂದ ಬಂದಿದ್ದ ಮಾಯಪ್ಪ. "ಹೆಂಗ್ ಹೋದೀತು?"

*

ಮೂವತ್ತು ವರ್ಷ ಗುರಪ್ಪ ಡಿಪೋದಲ್ಲಿ ಬಸ್ಸಿಗೆ ಬಣ್ಣ ಹೊಡೆದ. ರಜೆಯ ದಿನ ತನ್ನೂರು ಕಬ್ಬೂರಿನವರ ಮುಖ ಬರೆದ. ಸತ್ತವರದೇ ಹೆಚ್ಚು. ಬದುಕಿದ್ದವರಿಗೆ ಕೂಡ್ರಲು ಪುರುಸೊತ್ತು ಇರಲಿಲ್ಲ. ಹೋದ ವರ್ಷ ನಿವೃತ್ತಿಯಾದಾಗ ಡಬ್ಬಿಯ ತಳದ ಕೆಂಪನ್ನು ಸಾಹೇಬರಿಗೆ ಕೇಳಿ ತಂದ. ಜಗಳ ಮಾಡಿ ಹೆಂಡತಿಯನ್ನು ಕೂಡ್ರಿಸಿದ.

"ನಾ ಇಷ್ಟ ದೊಡ್ಡದ ಹಚಗೊಳ್ಳಂಗಿಲ್ರಿ. ಮಂದಿ ನಗತಾರ."

"ನನ್ನ ಕಣ್ಣಿಗೆ ಇಷ್ಟ ದೊಡ್ಡದ ಕಾಣತೈತಿ."

"ಒರಸಿ ಸಣ್ಣದ ಮಾಡ್ರಿ."

"ಬಸ್ಸ ಗುಜರಿಗೆ ಹೋದ್ರೂ ಈ ಬಣ್ಣ ಹೋಗಂಗಿಲ್ಲ. ನಾ ಹೋದ ಮ್ಯಾಲ ನಮ್ಮಕ್ಕ ಬಂದ ತಿಕ್ಕಿ ನೋಡ್ಲಿ."

ಅಂಥ ಮಾತು ಆಡಿದ್ದಕ್ಕೆ ಅಕ್ಕುತಾಯಿ ಆ ದಿನ ಅವನಿಗೆ ಚಹಾ ಕೊಡಲಿಲ್ಲ.

*

ತಿಕ್ಕಿದಷ್ಟೂ ಸುತ್ತಲಿನ ಅಗ್ಗದ ಬಣ್ಣ ಕರಗಿತು. ಹಣೆ ಹೋಯಿತು. ಒಂದು ಹುಬ್ಬು ಹೋಯಿತು. ಕುಂಕುಮ ಹಾಗೇ ಉಳಿಯಿತು. ವಿಕ್ರಾಂತನ ಕೈ ಚಿತ್ರದ ಕಣ್ಣಿನ ಹತ್ತಿರ ಬಂದು ನಿಂತಿತು.

"ಕುಡಗೋಲ ತಗೊಂಡ ಕೆರಿ," ಎಂದಳು ಭೀಮಾಬಾಯಿ. "ಹೊತ್ತಾಗೈತಿ, ಎತ್ತಬೇಕ."

ಅಕ್ಕುತಾಯಿ ಎದ್ದಳು. ಗಂಡನ ಪಾದ ಮುಟ್ಟಿದಳು. ಮಗನ ಕೈಯಿಂದ ಚಿತ್ರ ಕಸಿದು ಬಗಲಲ್ಲಿ ಇಟ್ಟುಕೊಂಡಳು.

"ಎಲ್ಲಿ ಹೊಂಟಿ? ನಿನ್ನ ಶಾಸ್ತ್ರ ಇನ್ನೂ ಐತಿ."

"ಅದಕ್ಕ ಹೊಂಟೇನಿ, ಅಕ್ಕಾ."

"ಅವ್ವಾ, ಯಾವಾಗ ಬರ್ತಿ?" ವಿಕ್ರಾಂತ ಕೇಳಿದ. ಅವಳು ತಿರುಗಲಿಲ್ಲ. ಮಾಯಪ್ಪ ಸರಿದು ದಾರಿ ಬಿಟ್ಟ.

ಒಂದು ತಾಸು ಕಾದರು. ಮಾಲೆಯ ಹೂವು ಬಾಡಿದವು. ಭೀಮಾಬಾಯಿ ಬಾಗಿಲಿಗೂ ಅಂಗಳಕ್ಕೂ ಅಡ್ಡಾಡಿದಳು. ಕಡೆಗೆ ಎತ್ತಿದರು.

ಕಬ್ಬೂರಿನ ಸ್ಟ್ಯಾಂಡಿನಲ್ಲಿ ಚಿಕ್ಕೋಡಿಯ ಬಸ್ಸು ಹೆಣಕ್ಕೆ ದಾರಿ ಬಿಟ್ಟು ನಿಂತಿತ್ತು. ಮಂದಿಯ ಹೆಗಲ ಮೇಲೆ ಚಟ್ಟದಲ್ಲಿ ಕೂತಿದ್ದ ಗುರಪ್ಪ ಕಿಟಕಿಯ ಮಟ್ಟಕ್ಕೇ ಬಂದ. ಒಂದು ಕಿಟಕಿಯಲ್ಲಿ ಎರಡು ಕುಂಕುಮ ಒತ್ತಟ್ಟಿಗೆ ಇದ್ದವು. ಅವನು ದಾಟಿದ ಮೇಲೆ ಬಸ್ಸು ಹೊರಟಿತು. ಹೆಗಲು ಕೊಟ್ಟಿದ್ದ ವಿಕ್ರಾಂತನಿಗೆ ತಿರುಗಿ ನೋಡಲು ಆಗಲಿಲ್ಲ. ಅವನ ಕೈಯಿಂದ ಸೀಮೆಎಣ್ಣೆಯ ವಾಸನೆ ಬರುತ್ತಿತ್ತು.